ಹಳೆ ಆಟಗಳಿಗೆ ಹಳೆ ಪಿಸಿ: ಯಾವ ಬಿಡಿಭಾಗ ಆರಿಸಬೇಕು?

ರೆಟ್ರೋ ಗೇಮಿಂಗ್ ಪಿಸಿ ಕಟ್ಟಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಯಾವ ಪ್ರೊಸೆಸರ್ ತಗೊಳ್ಳಲಿ?" ಅಂತ. ಹೊಸ ಪಿಸಿಗಾದರೆ ಸರಿ. ಹಳೆ ಪಿಸಿಗೆ ಲೆಕ್ಕ ತಿರುವುಮುರುವು. ಮೊದಲು ನೀವು ಆಡಬೇಕೆಂದಿರುವ ಆಟಗಳ ಪಟ್ಟಿ ಬರೆದಿಟ್ಟುಕೊಳ್ಳಿ, ಅವುಗಳಿಗೆ ಯಾವ ಸೌಂಡ್ ಕಾರ್ಡ್, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ನೋಡಿ, ಆ ಎರಡೂ ಕೂರುವ ಸ್ಲಾಟ್ ಇರುವ ಮದರ್‌ಬೋರ್ಡ್ ಹುಡುಕಿ, ಆಮೇಲೆ ಆ ಬೋರ್ಡ್ ಯಾವ ಪ್ರೊಸೆಸರ್ ಒಪ್ಪುತ್ತದೋ ಅದನ್ನು ಹಾಕಿ. ಪ್ರೊಸೆಸರ್ ಸುಲಭವಾಗಿ ಸಿಗುತ್ತದೆ, ಕೆಡುವುದೂ ಅಪರೂಪ. ಒಳ್ಳೆ ಸ್ಥಿತಿಯಲ್ಲಿರುವ ಬೋರ್ಡ್ ಸಿಗುವುದೇ ಕಷ್ಟ.

ಇನ್ನೊಂದು ವಿಷಯ. ವೇಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. 1990ರ ವಿಂಗ್ ಕಮಾಂಡರ್ ಎಂಬ ಬಾಹ್ಯಾಕಾಶ ಕಾಳಗದ ಆಟಕ್ಕೆ ತನ್ನ ವೇಗಕ್ಕೆ ಕಡಿವಾಣ ಹಾಕಿಕೊಳ್ಳಲು ಗೊತ್ತಿಲ್ಲ. ಪೆಂಟಿಯಂ 3 ಮೇಲೆ ಓಡಿಸಿದರೆ ಹಡಗುಗಳು ಕಣ್ಣಿಗೆ ಬೀಳುವ ಮುಂಚೆಯೇ ಮಾಯ. ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬಹಳಷ್ಟು ಡಾಸ್ (ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಂ) ಆಟಗಳ ಕತೆ ಇನ್ನೂ ವಿಚಿತ್ರ. ಅವು ಶುರುವಾಗುವಾಗ ಪ್ರೊಸೆಸರ್ ಎಷ್ಟು ವೇಗವಾಗಿದೆ ಎಂದು ಅಳೆಯುತ್ತವೆ. ಸುಮಾರು 200 ಮೆಗಾಹರ್ಟ್ಸ್ ದಾಟಿದರೆ ಆ ಲೆಕ್ಕ ಇಟ್ಟ ಜಾಗದಲ್ಲಿ ಹಿಡಿಸುವುದಿಲ್ಲ, "ರನ್‌ಟೈಮ್ ಎರರ್ 200" ಎಂದು ತೋರಿಸಿ ಆಟ ಅಲ್ಲೇ ನಿಂತುಬಿಡುತ್ತದೆ. ಇದಕ್ಕೆ ಪ್ಯಾಚ್‌ಗಳಿವೆ, ನಿಜ. ಆದರೆ ಹಳೆ ಕಾಲದಲ್ಲಿ ವೇಗವೂ ಒಂದು ಹೊಂದಿಕೆಯ ಪ್ರಶ್ನೆ ಅನ್ನುವುದು ನೆನಪಿರಲಿ.

ನಿಜವಾಗಿಯೂ ಹಳೆ ಪಿಸಿ ಬೇಕಾ?

ಬಿಡಿಭಾಗ ಮಾರುವವರು ಈ ಪ್ರಶ್ನೆ ಕೇಳುವುದಿಲ್ಲ, ಹಾಗಾಗಿ ನಾನೇ ಕೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಡಾಸ್ ಆಟಗಳೇ ಆಗಿದ್ದರೆ ಇವತ್ತಿನ ಪಿಸಿಯಲ್ಲೇ ಡಾಸ್ ಅನುಕರಿಸುವ ಡಾಸ್‌ಬಾಕ್ಸ್ ಪ್ರೋಗ್ರಾಂ ಸಾಕು. ಪಾಯಿಂಟ್ ಅಂಡ್ ಕ್ಲಿಕ್ ಸಾಹಸದ ಆಟಗಳಾದರೆ ಸ್ಕಮ್‌ವಿಎಂ. ಇಡೀ ಹಳೆ ಪಿಸಿಯನ್ನೇ ಬಯೋಸ್ (ಪಿಸಿ ಹಾಕಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸಮೇತ ಅನುಕರಿಸಬೇಕೆಂದರೆ 86ಬಾಕ್ಸ್ ಇದೆ, ಅದಕ್ಕೆ ಮಾತ್ರ ಗಟ್ಟಿ ಪ್ರೊಸೆಸರ್ ಬೇಕು. 3ಡಿಎಫ್‌ಎಕ್ಸ್ ಕಂಪನಿಯ ಗ್ರಾಫಿಕ್ಸ್ ಕಾರ್ಡ್‌ಗಳ ಜೊತೆ ಆಟಗಳು ಮಾತಾಡುವ ಗ್ಲೈಡ್ ಎಂಬ ಭಾಷೆಯಲ್ಲಿ ಮಾತ್ರ ಚೆನ್ನಾಗಿ ಕಾಣುವ ಆಟಗಳನ್ನು ಎನ್‌ಗ್ಲೈಡ್ ಅಥವಾ ಡಿಜಿವೂಡೂ ಹಾಕಿ ಇವತ್ತಿನ ಪಿಸಿಯಲ್ಲೇ ಆಡಬಹುದು.

ಹಾಗಾದರೆ ನಿಜವಾದ ಯಂತ್ರ ಎಲ್ಲಿ ಗೆಲ್ಲುತ್ತದೆ? ನನ್ನ ಲೆಕ್ಕದಲ್ಲಿ ಎರಡು ಕಡೆ. ಒಂದು, 1996ರಿಂದ 2001ರವರೆಗಿನ ವಿಂಡೋಸ್ ಆಟಗಳು. ಇವುಗಳಲ್ಲಿ ಬಹಳಷ್ಟು ಹೊಸ ವಿಂಡೋಸ್‌ನಲ್ಲಿ ಸರಿಯಾಗಿ ಓಡುವುದಿಲ್ಲ, ಅನುಕರಿಸಲು ಭಾರ. ಎರಡು, 2001ರಿಂದ 2006ರ ನಡುವಿನ ವಿಂಡೋಸ್ ಎಕ್ಸ್‌ಪಿ ಆಟಗಳು. ಸಿಡಿ ನಕಲು ತಡೆಯಲು ಸೇಫ್‌ಡಿಸ್ಕ್ ಬಳಸಿದ ಆಟಗಳಿಗೆ ಬೇಕಾದ ಡ್ರೈವರನ್ನು ವಿಂಡೋಸ್ 10 ಕೈಬಿಟ್ಟಿದೆ, ಅಸಲಿ ಸಿಡಿ ಕೈಯಲ್ಲಿದ್ದರೂ ಆಟ ಶುರುವಾಗುವುದಿಲ್ಲ. ಜೊತೆಗೆ ವಿಂಡೋಸ್ ವಿಸ್ತಾ ಬಂದಾಗ ಆಟಗಳ ಸದ್ದು ನೋಡಿಕೊಳ್ಳುವ ಡೈರೆಕ್ಟ್‌ಸೌಂಡ್‌ಗೆ ಇದ್ದ ಹಾರ್ಡ್‌ವೇರ್ ಬೆಂಬಲವನ್ನೇ ತೆಗೆದುಹಾಕಿದರು. ಆ ಕಾಲದ ಆಟಗಳ ಸುತ್ತುವರಿ ಸದ್ದು ಎಕ್ಸ್‌ಪಿಯಲ್ಲಿ ಕೇಳಿದ ಹಾಗೆ ಬೇರೆಲ್ಲೂ ಸುಲಭಕ್ಕೆ ಕೇಳುವುದಿಲ್ಲ.

ಒಂದೇ ಯಂತ್ರದಲ್ಲಿ 1988ರಿಂದ 2006ರವರೆಗೆ ಎಲ್ಲವನ್ನೂ ಆಡುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ಅಕ್ಕಪಕ್ಕದ ಎರಡು ಕಾಲಗಳನ್ನು ಒಂದು ಯಂತ್ರ ನಿಭಾಯಿಸುತ್ತದೆ, ಮೂರನ್ನು ಹೊರಿಸಿದರೆ ಎಲ್ಲಾದರೂ ಒಂದು ಕಡೆ ಕೈಕೊಡುತ್ತದೆ.

ಬೋರ್ಡ್: ಸಾಕೆಟ್ 7, 440ಬಿಎಕ್ಸ್, ಅಥವಾ ಅದಕ್ಕಿಂತ ಹೊಸದು

ನಿಮ್ಮ ಒಲವು ಡಾಸ್ ಕಡೆಗಿದ್ದರೆ ಸಾಕೆಟ್ 7, ಅಂದರೆ ಪೆಂಟಿಯಂ ಕಾಲದ ಪ್ರೊಸೆಸರ್ ಕೂರುವ ಜಾಗ ಇರುವ ಬೋರ್ಡ್. ಪೆಂಟಿಯಂ ಎಂಎಂಎಕ್ಸ್ ಹಾಕಿದರೆ ಒಂದು ಒಳ್ಳೆಯ ಅನುಕೂಲವಿದೆ. ಸೆಟ್‌ಮಲ್ ಎಂಬ ಸಣ್ಣ ಡಾಸ್ ಪ್ರೋಗ್ರಾಂನಿಂದ ಅದರ ಒಳಗಿನ ಕ್ಯಾಶೆ, ಬ್ರಾಂಚ್ ಪ್ರಿಡಿಕ್ಷನ್ ಮುಂತಾದ ವೇಗ ಹೆಚ್ಚಿಸುವ ಭಾಗಗಳನ್ನು ಒಂದೊಂದಾಗಿ ಆಫ್ ಮಾಡಿ, 386ರ ಮಟ್ಟದಿಂದ 486ರ ಮಟ್ಟದವರೆಗೆ ಬೇಕಾದ ವೇಗಕ್ಕೆ ಇಳಿಸಬಹುದು. ಬೆಳಿಗ್ಗೆ ವಿಂಗ್ ಕಮಾಂಡರ್, ಸಂಜೆ ಕ್ವೇಕ್, ಯಂತ್ರ ಒಂದೇ. ಎಎಂಡಿಯ ಕೆ6-2 ಪ್ಲಸ್, ಕೆ6-3 ಪ್ಲಸ್ ಇನ್ನೂ ಚೆನ್ನ, ಅವುಗಳ ವೇಗ ನಿಗದಿ ಮಾಡುವ ಮಲ್ಟಿಪ್ಲೈಯರನ್ನೇ ಡಾಸ್‌ನಿಂದ ಬದಲಾಯಿಸಬಹುದು. ಆದರೆ ಅವು ಲ್ಯಾಪ್‌ಟಾಪಿಗೆಂದು ಬಂದ ಚಿಪ್‌ಗಳು, ಹುಡುಕುವುದೇ ಒಂದು ಕೆಲಸ. ಬೋರ್ಡ್‌ನ ಬಯೋಸ್ ಒಪ್ಪುತ್ತದಾ ಅಂತಲೂ ಮೊದಲೇ ನೋಡಬೇಕು. 350 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಕೆ6-2 ಹಾಕಿ ಪ್ಯಾಚ್ ಇಲ್ಲದ ವಿಂಡೋಸ್ 95 ಬೂಟ್ ಮಾಡಲು ಹೋಗಬೇಡಿ, ಎರರ್ ಬಂದು ನಿಲ್ಲುತ್ತದೆ. 98 ಹಾಕಿ.

ಒಂದೇ ಒಂದು ಹಳೆ ಪಿಸಿ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನನ್ನ ಉತ್ತರ 1998ರ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್‌ಗಳು) ಇರುವ ಬೋರ್ಡ್. ಹಳೆ ಕಾರ್ಡ್‌ಗಳಿಗೆ ಐಎಸ್‌ಎ ಸ್ಲಾಟ್ ಇದೆ, ಆಮೇಲಿನವಕ್ಕೆ ಪಿಸಿಐ ಇದೆ, ಗ್ರಾಫಿಕ್ಸ್ ಕಾರ್ಡಿಗೆ ಎಜಿಪಿ ಇದೆ. ಡಾಸ್‌ನ ಕೊನೆಯ ಕಾಲ ಮತ್ತು ವಿಂಡೋಸ್ 98 ಎರಡಕ್ಕೂ ಒಗ್ಗುತ್ತದೆ. ಡ್ರೈವರ್ ಗೋಜು ತೀರಾ ಕಡಿಮೆ. ಏಸಸ್ ಪಿ2ಬಿ, ಪಿ3ಬಿ-ಎಫ್, ಎಬಿಟ್ ಬಿಎಚ್6, ಇವು ಇವತ್ತಿಗೂ ಜನ ಹುಡುಕುವ ಹೆಸರುಗಳು. ಪೆಂಟಿಯಂ 2 ಇರಲಿ, ಪೆಂಟಿಯಂ 3 ಇರಲಿ, 100 ಮೆಗಾಹರ್ಟ್ಸ್ ಬಸ್‌ನದ್ದು (ಬಸ್ ಅಂದರೆ ಪ್ರೊಸೆಸರ್ ಮತ್ತು ಬೋರ್ಡ್ ನಡುವಿನ ದಾರಿ) ತಗೊಳ್ಳಿ. 133ರ ಬಸ್ ಈ ಚಿಪ್‌ಸೆಟ್ಟಿಗೆ ಅಧಿಕೃತವಲ್ಲ, ಓಡುತ್ತದೆ, ಆದರೆ ಆಗ ಎಜಿಪಿ ಸ್ಲಾಟ್ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿ ಕೆಲವು ಗ್ರಾಫಿಕ್ಸ್ ಕಾರ್ಡ್ ತಕರಾರು ಮಾಡುತ್ತವೆ. ಹಳೆ ಡಾಸ್ ಆಟಕ್ಕೆ ವೇಗ ಇಳಿಸಬೇಕೆಂದರೆ ಇಲ್ಲೂ ಪ್ರೊಸೆಸರ್ ಒಳಗಿನ ಎಲ್1 ಕ್ಯಾಶೆ ಆಫ್ ಮಾಡಬಹುದು. ಸಾಕೆಟ್ 7ರಷ್ಟು ನಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, ಒಮ್ಮೆಲೇ ಪಾತಾಳಕ್ಕೆ ಬೀಳುತ್ತದೆ.

ಇಂಟೆಲ್‌ನ 815 ಚಿಪ್‌ಸೆಟ್ ಬೋರ್ಡ್‌ಗಳು ವೇಗದವು, ಸ್ಥಿರವೂ ಹೌದು. ಆದರೆ ಬಹಳಷ್ಟರಲ್ಲಿ ಐಎಸ್‌ಎ ಇಲ್ಲ. ಡಾಸ್ ಆಟ ಬೇಡ ಅನ್ನುವವರಿಗೆ ಅದೇನೂ ಕೊರತೆಯಲ್ಲ. ವಿಯಾ ಚಿಪ್‌ಸೆಟ್‌ಗಳು ಎಲ್ಲೆಡೆ ಸಿಗುತ್ತವೆ, ಅಗ್ಗ, ಮತ್ತು ತಾಳ್ಮೆ ಬೇಡುತ್ತವೆ. ಮುಖ್ಯವಾಗಿ 686ಬಿ ಸೌತ್‌ಬ್ರಿಜ್ (ಡಿಸ್ಕ್ ಮುಂತಾದವನ್ನು ನೋಡಿಕೊಳ್ಳುವ ಚಿಪ್) ಇರುವ ಬೋರ್ಡಿಗೆ ಸೌಂಡ್ ಬ್ಲಾಸ್ಟರ್ ಲೈವ್ ಹಾಕಬೇಡಿ. ಈ ಜೋಡಿಯಲ್ಲಿ ಡಿಸ್ಕ್‌ನ ಫೈಲುಗಳೇ ಹಾಳಾಗುವ ತೊಂದರೆ ಆ ಕಾಲದಲ್ಲೇ ಹೆಸರುವಾಸಿ.

ಗ್ರಾಫಿಕ್ಸ್: ವೂಡೂ ಮೋಹ

ಇಲ್ಲಿ ಎಲ್ಲರಿಗೂ ವೂಡೂ ಬೇಕು. ನನಗೂ ಇಷ್ಟ. ಆದರೆ ಎಲ್ಲರಿಗೂ ಅದು ಬೇಕಾಗಿಲ್ಲ.

3ಡಿಎಫ್‌ಎಕ್ಸ್ ಕಂಪನಿಯ ಮೊದಲ ವೂಡೂ ಬಂದದ್ದು 1996ರಲ್ಲಿ, ವೂಡೂ 2 ಬಂದದ್ದು 1998ರಲ್ಲಿ. ಇವೆರಡೂ 3ಡಿ ಮಾತ್ರ ಮಾಡುವ ಕಾರ್ಡ್‌ಗಳು, ಪಕ್ಕದಲ್ಲಿ 2ಡಿಗೆ ಇನ್ನೊಂದು ಕಾರ್ಡ್ ಇರಲೇಬೇಕು. ಆ ಕಾರ್ಡಿನ ಚಿತ್ರ ಒಂದು ಕೇಬಲ್ ಮೂಲಕ ವೂಡೂ ಒಳಗೆ ಹಾದು ಮಾನಿಟರಿಗೆ ಹೋಗುತ್ತದೆ, ಕೇಬಲ್ ಕಳಪೆಯಾಗಿದ್ದರೆ ಡೆಸ್ಕ್‌ಟಾಪ್ ಅಕ್ಷರಗಳು ಮಂಕಾಗುತ್ತವೆ. ಒಂಟಿ ವೂಡೂ 2ಕ್ಕೆ 3ಡಿಯಲ್ಲಿ 800x600 ಗಡಿ, ಒಂದೇ ತರಹದ ಎರಡು ಕಾರ್ಡ್ ಜೋಡಿಸಿದರೆ 1024x768. ಜೋಡಿಯ ಖರ್ಚು, ಎರಡು ಪಿಸಿಐ ಸ್ಲಾಟ್, ಮೂರನೇ ಕಾರ್ಡ್ ಬೇರೆ. ಇಷ್ಟೆಲ್ಲ ಮಾಡಿ ಸಿಗುವುದು ಹೆಚ್ಚುಕಡಿಮೆ ಒಂದೇ ಒಂದು ವೂಡೂ 3 ಕೊಡುವ ವೇಗ. ಹೀಗಾಗಿ ಜೋಡಿಯ ಅಂದಕ್ಕೆ ಮನಸೋತವರು ಬಿಟ್ಟರೆ ಉಳಿದವರಿಗೆ 1999ರ ವೂಡೂ 3 ಸಾಕು. ಅದರಲ್ಲಿ 2ಡಿಯೂ ಇದೆ, ಡಾಸ್ ಆಟಗಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮೊದಲ ವೂಡೂಗೆಂದೇ ಬರೆದ ಕೆಲವು ಡಾಸ್ ಗ್ಲೈಡ್ ಆಟಗಳು ಮಾತ್ರ ಆಮೇಲಿನ ಕಾರ್ಡ್‌ಗಳಲ್ಲಿ ಏಳುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅಂಥವಿದ್ದರೆ ಮೊದಲ ವೂಡೂವನ್ನೇ ಹುಡುಕಬೇಕು, ಬೇರೆ ದಾರಿಯಿಲ್ಲ.

ವೂಡೂ 3ರ ಮಿತಿಗಳೂ ಗೊತ್ತಿರಲಿ. 3ಡಿಯಲ್ಲಿ 16-ಬಿಟ್ ಬಣ್ಣ ಮಾತ್ರ, ಟೆಕ್ಸ್ಚರ್ (3ಡಿ ವಸ್ತುಗಳ ಮೇಲೆ ಹಚ್ಚುವ ಚಿತ್ರ) ಗಾತ್ರ 256x256ಕ್ಕಿಂತ ಮೇಲೆ ಹೋಗುವುದಿಲ್ಲ. ಅನ್‌ರಿಯಲ್, ನೀಡ್ ಫಾರ್ ಸ್ಪೀಡ್ 2ರ ಎಸ್‌ಇ ಆವೃತ್ತಿ, ಡಯಾಬ್ಲೋ 2 ಇಂಥ ಗ್ಲೈಡ್ ಆಟಗಳಿಗೆ ಅದು ಏನೂ ಅಲ್ಲ. ಕ್ವೇಕ್ 3ರಿಂದ ಮುಂದಕ್ಕೆ ಹೋಗುತ್ತಿದ್ದರೆ ಆ ಕೊರತೆ ಕಣ್ಣಿಗೆ ಹೊಡೆಯುತ್ತದೆ.

ಅಲ್ಲಿಗೆ ಎನ್‌ವಿಡಿಯಾ ಬರುತ್ತದೆ. ಟಿಎನ್‌ಟಿ2 ಅಗ್ಗದ ಆಯ್ಕೆ, 1998-99ರ ಡೈರೆಕ್ಟ್3ಡಿ (ವಿಂಡೋಸ್‌ನದೇ 3ಡಿ ಭಾಷೆ) ಆಟಗಳಿಗೆ ಸಾಕು. ಎಂ64 ಎಂದು ಬರೆದದ್ದು ಬೇಡ, ಅದರ ಮೆಮರಿ ದಾರಿ ಅರ್ಧದಷ್ಟೇ ಅಗಲ. ಜೀಫೋರ್ಸ್ 2 ಎಂಎಕ್ಸ್ ಎಲ್ಲ ಕಡೆ ಸಿಗುತ್ತದೆ, ಬಿಸಿಯಾಗುವುದಿಲ್ಲ, ಪೆಂಟಿಯಂ 3ಕ್ಕೆ ಸರಿಜೋಡಿ. ವಿಂಡೋಸ್ 98ರ ಆಟಗಳಿಗೆ ನನ್ನ ಪ್ರಕಾರ ಅತ್ಯುತ್ತಮ ಅಂದರೆ 2002ರ ಜೀಫೋರ್ಸ್ 4 ಟಿಐ 4200. ವೇಗ ಒಂದೇ ಕಾರಣ ಅಲ್ಲ. ಆ ಕಾಲದ ಕೆಲವು ಆಟಗಳು ಟೇಬಲ್ ಫಾಗ್ (ಮಂಜು ಬಿಡಿಸುವ ಒಂದು ವಿಧಾನ), 8-ಬಿಟ್ ಪ್ಯಾಲೆಟ್ ಟೆಕ್ಸ್ಚರ್ (256 ಬಣ್ಣದ ಪಟ್ಟಿ ಬಳಸುವ ಟೆಕ್ಸ್ಚರ್) ಎಂಬ ಎರಡು ಸೌಲಭ್ಯ ನಂಬಿಕೊಂಡಿದ್ದವು, ಆಮೇಲೆ ಬಂದ ಕಾರ್ಡ್‌ಗಳು ಅವನ್ನು ಒಂದೊಂದಾಗಿ ಬಿಟ್ಟವು. ಟಿಐ 4200ರಲ್ಲಿ ಎರಡೂ ಇವೆ. ರೇಡಿಯಾನ್ 9700 ಅದಕ್ಕಿಂತ ಬಲಶಾಲಿ, ಆದರೆ ಇವೆರಡರಲ್ಲೂ ಸೋಲುತ್ತದೆ. ಆಟ ಓಡುತ್ತದೆ, ಮಂಜು ಇರಬೇಕಾದ ಕಡೆ ಮಂಜಿಲ್ಲ, ಅಷ್ಟೇ. ಮಂಜು ಇಲ್ಲದ ಭಯದ ಆಟ ಆಡಿ ಏನು ಪ್ರಯೋಜನ?

ಹೆಸರು ನೋಡಿ ಮೋಸ ಹೋಗಬೇಡಿ. ಜೀಫೋರ್ಸ್ 4 ಎಂಎಕ್ಸ್ 440 ಅನ್ನುವುದು ಹೆಸರಿನಲ್ಲಿ ಮಾತ್ರ 4, ಒಳಗೆ ಹೆಚ್ಚಾಗಿ ಜೀಫೋರ್ಸ್ 2ರ ಸಂತಾನ. ಬೆಳಕು, ಹೊಳಪು ಲೆಕ್ಕ ಹಾಕುವ ಪಿಕ್ಸೆಲ್ ಶೇಡರ್ ಇಲ್ಲ. 98ಕ್ಕೆ ಅದು ಒಳ್ಳೆ ಕಾರ್ಡೇ, 2002ರ ಮೊರೋವಿಂಡ್‌ನ ನೀರು ಹೊಳೆಯಬೇಕೆಂದರೆ ಮಾತ್ರ ಅಲ್ಲ. ಡ್ರೈವರ್ ವಿಷಯದಲ್ಲೂ ಹೊಸದೇ ಬೇಕೆಂಬ ಹಠ ಬೇಡ. ಟಿಐ ಕಾರ್ಡ್‌ಗಳಿಗೆ 98ರಲ್ಲಿ 45.23 ಆವೃತ್ತಿ ತುಂಬ ಜನ ಮೆಚ್ಚಿದ್ದು.

ಎಜಿಪಿ ವೋಲ್ಟೇಜ್ ಬಗ್ಗೆ ಎರಡು ಮಾತು, ಯಾಕೆಂದರೆ ಇಲ್ಲಿ ತಪ್ಪಿದರೆ ಬೋರ್ಡೇ ಹೋಗುತ್ತದೆ. ಹಳೆ ಎಜಿಪಿ ಕಾರ್ಡ್‌ಗಳು 3.3 ವೋಲ್ಟ್‌ನವು, ಇಂಟೆಲ್ 845ರಂಥ ಪೆಂಟಿಯಂ 4 ಬೋರ್ಡ್‌ಗಳು 1.5 ವೋಲ್ಟ್ ಮಾತ್ರ ತಡೆಯುತ್ತವೆ. ತಪ್ಪಾದದ್ದು ಕೂರಬಾರದೆಂದು ಕಾರ್ಡಿನ ಅಂಚಿನಲ್ಲಿ ಕಚ್ಚು ಕೊಟ್ಟಿರುತ್ತಾರೆ. ಆದರೆ ಕೆಲವು ಹಳೆ ಕಾರ್ಡ್‌ಗಳು 3.3 ವೋಲ್ಟ್‌ನವಾಗಿದ್ದೂ ಎರಡೂ ಕಚ್ಚು ಹೊಂದಿವೆ. ಕೂರುತ್ತದೆ ಅನ್ನುವ ಕಾರಣಕ್ಕೆ ಸ್ವಿಚ್ ಹಾಕಬೇಡಿ, ಚಿಪ್ ಯಾವುದೆಂದು ನೋಡಿ ಖಚಿತ ಮಾಡಿಕೊಳ್ಳಿ.

ಸದ್ದು: ಎರಡು ಕಾರ್ಡ್ ಹಾಕಿ

ಐಎಸ್‌ಎ ಸ್ಲಾಟ್‌ಗಾಗಿ ಇಷ್ಟು ಹೊಡೆದಾಟ ಯಾಕೆ ಅಂದರೆ ಇದಕ್ಕೇ. ಡಾಸ್ ಆಟಗಳು ಡ್ರೈವರ್ ಕೇಳುವುದಿಲ್ಲ, ನೇರವಾಗಿ ಸೌಂಡ್ ಕಾರ್ಡಿನ ಪೋರ್ಟ್, ಐಆರ್‌ಕ್ಯೂ, ಡಿಎಂಎ ಎಂಬ ಸಂಪರ್ಕದ ನಂಬರುಗಳನ್ನು ಹಿಡಿದು ಮಾತಾಡುತ್ತವೆ. ಪಿಸಿಐ ಕಾರ್ಡ್ ಅದನ್ನು ನಟಿಸಬೇಕು. ನಟನೆ ಕೆಲವು ಆಟದಲ್ಲಿ ಚೆನ್ನ, ಕೆಲವದರಲ್ಲಿ ಮೌನ.

ಎಲ್ಲರ ಬಾಯಲ್ಲಿ ಬರುವ ಹೆಸರು 1992ರ ಸೌಂಡ್ ಬ್ಲಾಸ್ಟರ್ 16. ಹೊಂದಿಕೆ ಚೆನ್ನಾಗಿದೆ, ಆದರೆ ಕುಂದಿಲ್ಲ ಅಂತಲ್ಲ. ಬಹಳಷ್ಟು ಮಾದರಿಗಳಲ್ಲಿ ಮಿಡಿ (ಸ್ವರಗಳ ಪಟ್ಟಿಯಾಗಿ ಬರುವ ಸಂಗೀತ) ನುಡಿಸುವಾಗ ಒಂದು ಸ್ವರ ಹಾಗೇ ಸಿಕ್ಕಿಹಾಕಿಕೊಂಡು ಕೂಗುತ್ತಲೇ ಇರುವ ದೋಷವಿದೆ. ಸೌಂಡ್ ಬ್ಲಾಸ್ಟರ್ ಪ್ರೊಗೆ ಬರೆದ ಆಟಗಳ ಸ್ಟೀರಿಯೋ ಸದ್ದು ಇದರಲ್ಲಿ ಮೋನೋ ಆಗುತ್ತದೆ. ನನ್ನನ್ನು ಕೇಳಿದರೆ ಯಮಾಹಾ ವೈಎಂಎಫ್719 ಚಿಪ್ ಇರುವ ಹೆಸರಿಲ್ಲದ ಕಾರ್ಡ್ ತಗೊಳ್ಳಿ. ಅಸಲಿ ಓಪಿಎಲ್3 (ಡಾಸ್ ಆಟಗಳ ಎಫ್‌ಎಂ ಸಂಗೀತ ನುಡಿಸುವ ಯಮಾಹಾ ಚಿಪ್) ಸಂಗೀತ, ಸೌಂಡ್ ಬ್ಲಾಸ್ಟರ್ ಪ್ರೊ ಹೊಂದಿಕೆ, ಗದ್ದಲ ಕಡಿಮೆ. ಸೌಂಡ್ ಬ್ಲಾಸ್ಟರ್ 16ರ 16-ಬಿಟ್ ಸದ್ದು ಇಲ್ಲ, ಆದರೆ ಅದನ್ನೇ ಬೇಡುವ ಆಟಗಳು ಕಡಿಮೆ. ಇಎಸ್‌ಎಸ್ 1868 ಕೂಡ ಒಳ್ಳೆಯದು, ಎಫ್‌ಎಂ ಸಂಗೀತದ ಬಣ್ಣ ಸ್ವಲ್ಪ ಬೇರೆ. ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ64 ನೋಡಲು ಭರ್ಜರಿ, ಆದರೆ ಅದರಲ್ಲಿ ಅಸಲಿ ಓಪಿಎಲ್3 ಚಿಪ್ ಇಲ್ಲ, ಬದಲಿಗೆ ಇರುವುದರ ಸದ್ದು ಲೋಹ ಬಡಿದಂತೆ.

ವಿಂಡೋಸ್ 98ಕ್ಕೆ ಜೊತೆಯಲ್ಲಿ ಒಂದು ಪಿಸಿಐ ಕಾರ್ಡ್ ಹಾಕಿ. ಅಲ್ಲಿ ಪೈಪೋಟಿ ಇಬ್ಬರದು: ಆರಿಯಲ್ ವೋರ್ಟೆಕ್ಸ್ 2 ಮತ್ತು ಸೌಂಡ್ ಬ್ಲಾಸ್ಟರ್ ಲೈವ್. ವೋರ್ಟೆಕ್ಸ್‌ನ ಎ3ಡಿ 2.0 ಗೋಡೆಗಳಿಗೆ ಬಡಿದು ಬರುವ ಸದ್ದನ್ನು ಲೆಕ್ಕ ಹಾಕುತ್ತಿತ್ತು. ಹೆಡ್‌ಫೋನ್ ಹಾಕಿ ಹಾಫ್-ಲೈಫ್ ಆಡಿದರೆ ಶತ್ರು ಯಾವ ಕಡೆ ಇದ್ದಾನೆಂದು ಕಿವಿಯೇ ಹೇಳುತ್ತದೆ. ಕಂಪನಿ ಮುಳುಗಿತು, ಡ್ರೈವರ್ ಅಲ್ಲಿಗೇ ನಿಂತಿತು, ಎಕ್ಸ್‌ಪಿಯಲ್ಲಿ ಅದರ ಮೇಲೆ ಭರವಸೆ ಬೇಡ. ಲೈವ್‌ನ ಇಎಎಕ್ಸ್ ಎಂಬ ಪ್ರತಿಧ್ವನಿ ವ್ಯವಸ್ಥೆ ಅಷ್ಟು ಚಂದ ಅಲ್ಲ, ಪ್ರತಿಧ್ವನಿ ಜಾಸ್ತಿ, ಆದರೆ ಅದನ್ನು ಬಳಸುವ ಆಟಗಳು ಎಷ್ಟೋ ಪಾಲು ಹೆಚ್ಚು. ಹೆಡ್‌ಫೋನ್‌ನವರು ವೋರ್ಟೆಕ್ಸ್, ನಾಲ್ಕು ಸ್ಪೀಕರ್ ಇಟ್ಟವರು ಲೈವ್.

1987ರ ರೋಲ್ಯಾಂಡ್ ಎಂಟಿ-32, 1991ರ ಎಸ್‌ಸಿ-55 ಹೊರಗಿನಿಂದ ಜೋಡಿಸುವ ಮಿಡಿ ಪೆಟ್ಟಿಗೆಗಳು. ಕೇಳಿದ ಮೇಲೆ ಬಿಡಲು ಮನಸ್ಸಾಗದು ಅನ್ನುವುದೇ ಅವುಗಳ ತೊಂದರೆ. ಎಂಟಿ-32 ಬಳಸುವ ಹಳೆ ಆಟಗಳಲ್ಲಿ ಕೆಲವು ಎಂಪಿಯು-401 ಎಂಬ ಮಿಡಿ ಸಂಪರ್ಕದ ಇಂಟೆಲಿಜೆಂಟ್ ಮೋಡ್ ಬೇಡುತ್ತವೆ, ಸಾಮಾನ್ಯ ಕಾರ್ಡ್‌ಗಳಲ್ಲಿ ಅದಿಲ್ಲ. ಸಾಫ್ಟ್‌ಎಂಪಿಯು ಎಂಬ ಪ್ರೋಗ್ರಾಂ ಆ ಕೊರತೆ ತುಂಬುತ್ತದೆ. ಪೆಟ್ಟಿಗೆ ಸಿಗದಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಎಂಟಿ32-ಪೈ ಇದೆ, ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ಹಿಡಿಯುವುದು ಸುಲಭವಲ್ಲ.

ರ‍್ಯಾಮ್ ಮತ್ತು ಡಿಸ್ಕ್

ವಿಂಡೋಸ್ 98ಕ್ಕೆ 256 ಎಂಬಿ ಸಾಕು. 512 ಎಂಬಿ ದಾಟಿದರೆ ಅದರ ಡಿಸ್ಕ್ ಕ್ಯಾಶೆ ತಾನೇ ಜಾಗ ತಿಂದು ಸುಮ್ನೆ ಎರರ್ ಕೊಡುತ್ತದೆ, ಸಿಸ್ಟಂ.ಐಎನ್‌ಐ ಫೈಲಿನಲ್ಲಿ ಮಿತಿ ಹಾಕಬೇಕಾಗುತ್ತದೆ. 440ಬಿಎಕ್ಸ್‌ಗೆ 256 ಎಂಬಿ ಕಡ್ಡಿ ತರುವಾಗ ಎರಡೂ ಬದಿ ಸೇರಿ 16 ಚಿಪ್ ಇರುವುದನ್ನು ನೋಡಿ. 8 ಚಿಪ್‌ನದ್ದು ಅರ್ಧ ಮಾತ್ರ ಕಾಣುತ್ತದೆ.

ಡಿಸ್ಕ್ ವಿಷಯದಲ್ಲಿ ಹಳೆ ಐಡಿಇ (ಆ ಕಾಲದ ಅಗಲ ಕೇಬಲ್‌ನ ಸಂಪರ್ಕ) ಹಾರ್ಡ್‌ಡಿಸ್ಕ್ ಬೇಡ ಅಂತಲೇ ನನ್ನ ಸಲಹೆ. ಆ ಕಿರ್ ಕಿರ್ ಸದ್ದು ಇಷ್ಟಪಡುವವರಿದ್ದಾರೆ, ಅವರಿಗೆ ಬ್ಯಾಕಪ್ ಇರಲಿ. ಡಾಸ್ ಯಂತ್ರಕ್ಕೆ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ತುಂಬ ಅನುಕೂಲ, ಅದು ಸ್ವತಃ ಐಡಿಇ ಭಾಷೆ ಆಡಬಲ್ಲದು, ಅಡಾಪ್ಟರ್ ಬರೀ ತಂತಿ ಜೋಡಣೆ. ಎಸ್‌ಡಿ ಅಡಾಪ್ಟರ್ ಒಳಗೆ ಭಾಷಾಂತರಕ್ಕೆ ಚಿಪ್ ಬೇಕು, ಕೆಲವು ಹಳೆ ಬೋರ್ಡ್ ಅದನ್ನು ಗುರುತಿಸುವುದಿಲ್ಲ. ವಿಂಡೋಸ್ 98ಕ್ಕೆ ಸಾಟಾ-ಐಡಿಇ ಅಡಾಪ್ಟರ್ ಹಾಕಿ ಸಣ್ಣ ಎಸ್‌ಎಸ್‌ಡಿ ಚೆನ್ನ, ಅಗ್ಗದ ಫ್ಲಾಶ್ ಕಾರ್ಡ್ ಸಣ್ಣ ಸಣ್ಣ ಬರವಣಿಗೆಗೆ ತಡವರಿಸುತ್ತದೆ. 120 ಜಿಬಿ ಒಳಗಿರಲಿ, ವಿಂಡೋಸ್ 98ಕ್ಕೆ 137 ಜಿಬಿ ಆಚೆ ಕಾಣುವುದಿಲ್ಲ. ಬಯೋಸ್‌ಗಳ ಗಡಿ ಬೇರೆ: 486 ಕಾಲದವು ಸುಮಾರು 504 ಎಂಬಿಗೆ, ಆಮೇಲಿನವು 8.4 ಜಿಬಿಗೆ ಅಥವಾ 32 ಜಿಬಿಗೆ ನಿಲ್ಲುತ್ತವೆ.

ಸಿಡಿ ಡ್ರೈವ್ ಬಿಡಬೇಡಿ. ಕ್ವೇಕ್‌ನಂಥ ಆಟಗಳ ಸಂಗೀತ ಸಿಡಿಯ ಆಡಿಯೋ ಟ್ರ್ಯಾಕ್ ರೂಪದಲ್ಲಿದೆ. ಡ್ರೈವ್‌ನಿಂದ ಸೌಂಡ್ ಕಾರ್ಡಿಗೆ ಹೋಗುವ ಸಣ್ಣ ನಾಲ್ಕು ಪಿನ್ ತಂತಿ ಹಾಕದೆ "ಆಟದಲ್ಲಿ ಸಂಗೀತವೇ ಬರ್ತಿಲ್ಲ" ಅನ್ನುವವರು ತುಂಬ.

ವಿದ್ಯುತ್ ಮತ್ತು ಆರೋಗ್ಯ ತಪಾಸಣೆ

ಹೊಸ ಪವರ್ ಸಪ್ಲೈ ಎಷ್ಟು ವ್ಯಾಟ್ ಎಂದು ನೋಡಿ ಸಾಲದು. ಇವತ್ತಿನವು ಬಲವನ್ನೆಲ್ಲ 12 ವೋಲ್ಟ್ ಸಾಲಿಗೆ ಕೊಡುತ್ತವೆ. ಪೆಂಟಿಯಂ 3, ಅದಕ್ಕಿಂತ ಮುಖ್ಯವಾಗಿ ಎಷ್ಟೋ ಅಥ್ಲಾನ್ ಎಕ್ಸ್‌ಪಿ ಬೋರ್ಡ್‌ಗಳು ಪ್ರೊಸೆಸರಿಗೆ ಬೇಕಾದ ವಿದ್ಯುತ್ತನ್ನು 5 ವೋಲ್ಟ್ ಸಾಲಿನಿಂದ ಎಳೆಯುತ್ತವೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ 5 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ಓದಿ, 12 ವೋಲ್ಟ್‌ನ ನಾಲ್ಕು ಪಿನ್ ಕನೆಕ್ಟರ್ ಇಲ್ಲದ ಅಥ್ಲಾನ್ ಬೋರ್ಡಿಗೆ 30ರ ಆಸುಪಾಸು ಇದ್ದರೆ ನೆಮ್ಮದಿ. ಇನ್ನೂ ಹಳೆಯ ಎಟಿ ಬೋರ್ಡ್ ಆದರೆ ಎರಡು ಕನೆಕ್ಟರ್ ಜೋಡಿಸುವಾಗ ಕಪ್ಪು ತಂತಿಗಳು ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ತಿರುಗಿಸಿ ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತದೆ.

ಬೋರ್ಡ್ ಕೊಳ್ಳುವ ಮುಂಚೆ ಹತ್ತಿರದಿಂದ ತೆಗೆದ ಫೋಟೋ ಕೇಳಿ. ಸುಮಾರು 1999ರಿಂದ 2007ರವರೆಗಿನ ಬೋರ್ಡ್‌ಗಳಲ್ಲಿ ಕೆಪಾಸಿಟರ್ ಉಬ್ಬುವ ಕಾಯಿಲೆ ಸಾಮಾನ್ಯ. ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಬದಲಾಯಿಸುವ ಕೈ ನಿಮ್ಮದಾಗಿರಬೇಕು. 386, 486 ಬೋರ್ಡ್‌ಗಳಲ್ಲಿ ನೀಲಿ ಅಥವಾ ಹಸಿರು ಬಣ್ಣದ ಗುಂಡಗಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಸುತ್ತ ಹಸಿರು ಪುಡಿ ಕಂಡರೆ ಬೇಡ ಅನ್ನಿ.

ಎಕ್ಸ್‌ಪಿ ಯಂತ್ರ

ಇದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ. ಕೋರ್ 2 ಡ್ಯುಯೋ, 2ರಿಂದ 4 ಜಿಬಿ ರ‍್ಯಾಮ್, ಪಿಸಿಐ ಎಕ್ಸ್‌ಪ್ರೆಸ್ ಜೊತೆ ಒಂದು ಹಳೆ ಪಿಸಿಐ ಸ್ಲಾಟ್ ಇರುವ ಬೋರ್ಡ್. ಆ ಸ್ಲಾಟಿಗೆ ಆಡಿಜಿ 2 ಝಡ್‌ಎಸ್ ಸೌಂಡ್ ಕಾರ್ಡ್. ಗ್ರಾಫಿಕ್ಸ್‌ಗೆ ಜೀಫೋರ್ಸ್ 8800 ಜಿಟಿ ಸಾಕು, ಜಿಟಿಎಕ್ಸ್ 750 ಟಿಐಗೂ ಎಕ್ಸ್‌ಪಿ ಡ್ರೈವರ್ ಇದೆ, ಅದು ಕರೆಂಟೂ ಕಡಿಮೆ ತಿನ್ನುತ್ತದೆ. ಸಾಟಾವನ್ನು ಬಯೋಸ್‌ನಲ್ಲಿ ಐಡಿಇ ಮೋಡ್‌ಗೆ ಇಟ್ಟರೆ ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಫ್ಲಾಪಿ ಹುಡುಕುವ ಕೆಲಸ ತಪ್ಪುತ್ತದೆ. ಒಂದು ಅಪವಾದ: 2002ರ ಸ್ಪ್ಲಿಂಟರ್ ಸೆಲ್‌ನ ನೆರಳುಗಳು ಸರಿಯಾಗಿ ಕಾಣುವುದು ಜೀಫೋರ್ಸ್ 3, 4 ಟಿಐ, ಎಫ್‌ಎಕ್ಸ್ ಕಾಲದ ಕಾರ್ಡ್‌ಗಳಲ್ಲಿ. ಅದೇ ನಿಮ್ಮ ಮೆಚ್ಚಿನ ಆಟವಾಗಿದ್ದರೆ ಎಜಿಪಿ ಬೋರ್ಡ್‌ಗೇ ಹೋಗಿ.

ಮಾನಿಟರ್

ಜಾಗ ಇದ್ದರೆ ಸಿಆರ್‌ಟಿ, ಅಂದರೆ ಹಳೆ ಕಾಲದ ದಪ್ಪ ಪಿಕ್ಚರ್ ಟ್ಯೂಬ್ ಮಾನಿಟರ್. ಯಾಕೆಂದರೆ ಡಾಸ್ ಆಟಗಳ 320x200 ಚಿತ್ರ ಸೆಕೆಂಡಿಗೆ 70 ಬಾರಿ ಬರುತ್ತದೆ. 60ಕ್ಕೆ ಕಟ್ಟುಬಿದ್ದ ಎಲ್‌ಸಿಡಿ ಅದನ್ನು ತೋರಿಸುವಾಗ ಪರದೆ ಸರಿಯುವ ಆಟಗಳು ಜರ್ಕ್ ಹೊಡೆಯುತ್ತವೆ. ಎಷ್ಟೋ ಎಲ್‌ಸಿಡಿಗಳು ಆ ಸಿಗ್ನಲ್ಲನ್ನು 720x400 ಅಕ್ಷರದ ಪರದೆ ಎಂದು ತಪ್ಪು ತಿಳಿದು ಮಸುಕು ಮಾಡುತ್ತವೆ. ಸಿಆರ್‌ಟಿ ಸಾಧ್ಯವಿಲ್ಲ ಅಂದರೆ 4:3 ಅಳತೆಯ, 1600x1200 ಇರುವ 20 ಇಂಚಿನ ಎಲ್‌ಸಿಡಿ ಹುಡುಕಿ, 800x600 ಅದರಲ್ಲಿ ಸರಿಯಾಗಿ ದುಪ್ಪಟ್ಟಾಗಿ ಕೂರುತ್ತದೆ. ಸುಲಭವಾಗಿ ಸಿಗುವ 1280x1024ರ ಪರದೆಗಳು 5:4, ಚಿತ್ರವನ್ನು ಕೊಂಚ ಉದ್ದಕ್ಕೆ ಎಳೆಯುತ್ತವೆ. ಕೆಲವರಿಗೆ ಅದು ಕಾಣುವುದೇ ಇಲ್ಲ, ಒಮ್ಮೆ ಕಂಡವರಿಗೆ ಮಾತ್ರ ಕಾಣುತ್ತಲೇ ಇರುತ್ತದೆ. ಅಂಥವರಲ್ಲಿ ನೀವೂ ಒಬ್ಬರಾದರೆ ಕೊಳ್ಳುವ ಮುಂಚೆಯೇ ಮಾನಿಟರಿನ ಮೆನುವಿನಲ್ಲಿ 4:3 ಉಳಿಸಿಕೊಳ್ಳುವ ಆಯ್ಕೆ ಇದೆಯಾ ಅಂತ ನೋಡಿಬಿಡಿ.